ಒಂದು ಮೊಳ ದಾರ

ರಾತ್ರಿ ಒಂದೂವರೆಗೆ ಸೂಜಿ ಕೆಳಗಿಟ್ಟಾಗ ಸೀರೆಯ ಸೆರಗಿನ ಮೇಲೆ 4 ಗೋಪುರ ನಿಂತಿದ್ದವು. ಒಂದೇ ಪಟ್ಟಿಗೆ 6 ತಾಸು ಕೂತು ಹಾಕಿದ್ದು. ಬೆನ್ನು ಸೆಟೆದಿತ್ತು, ಕಣ್ಣು ಉರಿಯುತ್ತಿತ್ತು. ಆದರೂ ಖುಷಿಯಿಂದ ಮಲಗಿದೆ.

ತಂಗಿಯ ಕುಬಸಕ್ಕೆ ಇನ್ನು 8 ದಿನ ಇತ್ತು. ನಮ್ಮ ಕಡೆ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಕಾರ್ಯ ಅದು. ಹಸಿರು ಇರಕಲ್ ಸೀರೆಗೆ ನಾನೇ ಕಸೂತಿ ಹಾಕಿ ಕೊಡ್ತೀನಿ ಅಂತ ಬೆಂಗಳೂರಿನಿಂದ ಫೋನಿನಲ್ಲಿ ಹೇಳಿ 2 ತಿಂಗಳಾಗಿತ್ತು. ಒಂದು ಶನಿವಾರ ಪೂರ್ತಿ ಖಾಲಿ ಸಿಗಲಿ, ಕೂತುಬಿಡೋಣ ಅಂದುಕೊಳ್ಳುತ್ತಲೇ ಇದ್ದೆ. ಅಂಥ ಶನಿವಾರ ಬರಲೇ ಇಲ್ಲ. ಕೊನೆಗೆ ರಜೆ ಹಾಕಿ, ಸೀರೆ ಹಿಡಿದುಕೊಂಡು ಧಾರವಾಡಕ್ಕೆ ದೊಡ್ಡವ್ವನ ಮನೆಗೆ ಬಂದೆ. ಚಿಕ್ಕವಳಿದ್ದಾಗ ನನಗೆ ಸೂಜಿ ಹಿಡಿಯಲು ಕಲಿಸಿದವಳು ಅವಳೇ.

ಬೆಳಿಗ್ಗೆ ಚಹಾ ಕುಡಿದು, ಕೈ ಒರೆಸಿಕೊಂಡು, ದೊಡ್ಡವ್ವ ಸೀರೆ ತಗೊಂಡಳು. ಮುಂಭಾಗ ನೋಡಲಿಲ್ಲ. ನೇರ ಹಿಂದಕ್ಕೆ ತಿರುವಿದಳು. ಅವಳ ಬೆರಳು ಎರಡನೇ ಗೋಪುರದ ಬುಡಕ್ಕೆ ಹೋಗಿ ನಿಂತಿತು.

"ಇಲ್ಲೆ ಒಂದ ಎಳಿ ತಪ್ಪೇತಿ ನೋಡವಾ. ಬಿಚ್ಚಬೇಕು."

ಒಂದೇ ಒಂದು ಎಳೆ. ಆದರೆ ಕಸೂತಿಯಲ್ಲಿ ಅದು ದೊಡ್ಡದೇ. ಇಲ್ಲಿ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆ ಎಣಿಸಿಕೊಂಡೇ ಸೂಜಿ ಹಾಕಬೇಕು. ನಾನು ಹಾಕುತ್ತಿದ್ದದ್ದು ಗವಂತಿ ಅನ್ನುವ ಹೊಲಿಗೆ. ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಮುಂದೆ ಹೋಗಬೇಕು. ಅದೇ ದಾರಿಯಲ್ಲಿ ವಾಪಸ್ ಬರುತ್ತ ಬಿಟ್ಟ ಜಾಗ ತುಂಬಬೇಕು. ಆಗ ಸೀರೆಯ ಎರಡೂ ಮಗ್ಗುಲಲ್ಲಿ ಚಿತ್ರ ಒಂದೇ ಥರ ಬರುತ್ತದೆ. ಗಂಟು ಹಾಕುವಂತಿಲ್ಲ. ಹೋಗುವಾಗ ಒಂದು ಎಳೆ ತಪ್ಪಿದರೆ ಬರುವಾಗ ಗೆರೆ ಕೂಡುವುದಿಲ್ಲ. ನನಗೆ ರಾತ್ರಿಯೇ ಎಲ್ಲೋ ಕೂಡ್ತಿಲ್ಲ ಅನ್ನಿಸಿತ್ತು. ಮುಗಿಸಬೇಕೆಂಬ ಅವಸರದಲ್ಲಿ ಎಳೆದು ಕೂಡಿಸಿದ್ದೆ.

ಬಿಚ್ಚಲು ಕತ್ತರಿ ಹಿಡಿದೆ. ದೊಡ್ಡವ್ವ ಕಸಿದುಕೊಂಡಳು. ದಾರದ ಜೊತೆ ಸೀರೆಯ ಎಳೆಯೂ ಕತ್ತರಿಸಿಬಿಟ್ಟರೆ ಏನು ಮಾಡೋದು? ಸೂಜಿಯ ಹಿಂದಿನ ತುದಿಯಿಂದ ಒಂದೊಂದೇ ಹೊಲಿಗೆ ಎತ್ತಿ, ಹಾಕಿದ ದಾರಿಯಲ್ಲೇ ಹಿಂದಕ್ಕೆ ಬಂದೆ. 3 ಗೋಪುರ ಬಿಚ್ಚುವಷ್ಟರಲ್ಲಿ ಮಧ್ಯಾಹ್ನವಾಯಿತು. ಕೆಂಪು ದಾರದ ತುಂಡುಗಳು ಮಡಿಲಲ್ಲಿ ಗುಪ್ಪೆಯಾಗಿದ್ದವು. ಅಳು ಬಂತು, ಅತ್ತೂಬಿಟ್ಟೆ.

ಊಟವಾಗಿ, ಪಾತ್ರೆ ತೊಳೆದಾದ ಮೇಲೆ ದೊಡ್ಡವ್ವ ಹಿತ್ತಲ ಬಾಗಿಲಲ್ಲಿ ಚಾಪೆ ಹಾಸಿದಳು. ಮೂರು ಗಂಟೆಯ ಬಿಸಿಲು ಅಲ್ಲಿಗೆ ಓರೆಯಾಗಿ ಬೀಳುತ್ತದೆ. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಮೊಳ ದಾರ ಅಳೆದು, ಕಡಿದು, ಸೂಜಿಗೆ ಪೋಣಿಸಿ ಕೊಟ್ಟಳು.

"ಇದ ಮುಗಿಯೂತನಾ ಹಾಕು. ಮುಗೀತಂದ್ರ ಏಳು."

"ಇಷ್ಟ ಆದ್ರ ಕುಬಸದೊಳಗ ಆಗಂಗಿಲ್ಲ ದೊಡ್ಡವ್ವ."

"ಆಗದಿದ್ರ ಆಮ್ಯಾಲ ಆಗತೇತಿ. ಸೀರಿ ಎಲ್ಲಿ ಓಡಿ ಹೊಕ್ಕೇತಿ?"

ಅರ್ಧ ತಾಸಿನಲ್ಲಿ ದಾರ ಮುಗಿಯಿತು. ಇನ್ನೊಂದು ಪೋಣಿಸಲು ಕೈ ಹೋಯಿತು. ಅವಳು ಸೀರೆ ಮಡಚಿ ಒಳಗಿಟ್ಟಳು. ಇಬ್ಬರೂ ಮೆಂತ್ಯೆ ಪಲ್ಲೆ ಸೋಸುತ್ತ ಕೂತೆವು.

ಆಗಲೇ ನನಗೆ ಹೊಳೆದದ್ದು. ದೊಡ್ಡವ್ವನಿಗೆ ಪೂರ್ತಿ ಖಾಲಿ ದಿನ ಅಂತ ಒಂದೂ ಸಿಕ್ಕಿದ್ದು ನಾನು ನೋಡಿಲ್ಲ. ಎಮ್ಮೆ, ಅಡುಗೆ, ಮಕ್ಕಳು, ಹಾಸಿಗೆ ಹಿಡಿದ ಅತ್ತೆಯ ಸೇವೆ. ಅದರ ನಡುವೆಯೇ ಅವಳ ಪೆಟ್ಟಿಗೆಯಲ್ಲಿ 11 ಸೀರೆ ಇವೆ. ತೇರು, ತುಳಸಿಕಟ್ಟೆ, ಆನೆ, ನವಿಲು. ಒಂದು ಸೀರೆಯ ಆನೆ ಇನ್ನೊಂದರಲ್ಲಿ ಇಲ್ಲ. ಒಂದರ ಸೊಂಡಿಲು ಮೇಲೆ, ಇನ್ನೊಂದರ ಬೆನ್ನ ಮೇಲೆ ಅಂಬಾರಿಯ ಬದಲು ಜೋಳದ ತೆನೆ. ಇದನ್ನೆಲ್ಲ ಯಾವಾಗ ಯೋಚನೆ ಮಾಡ್ತಿದ್ದೆ ಅಂತ ಕೇಳಿದೆ.

"ರೊಟ್ಟಿ ಬಡಿಯುವಾಗ. ಕೈಗೆ ಕೆಲಸ ಇರತೇತಿ, ತಲಿ ಖಾಲಿನ ಇರತೇತಲ್ಲ."

ನಾನು ಇಷ್ಟು ದಿನ ಹೊಸದೇನಾದರೂ ಮಾಡೋದಕ್ಕೆ ಬೇರೆಯೇ ಹೊತ್ತು ಬೇಕು ಅಂದುಕೊಂಡಿದ್ದೆ. ಫೋನ್ ಬಂದ್ ಮಾಡಿ, ಬಾಗಿಲು ಹಾಕಿಕೊಂಡು ಕೂರಬೇಕು ಅಂತ. ಅವಳ ಕಸೂತಿ ಪಲ್ಲೆ, ರೊಟ್ಟಿ, ಸಂಜೆ ದೀಪದ ಸಾಲಿನಲ್ಲೇ ಒಂದು. ಅದಕ್ಕೇ ಅದು ಅವಳನ್ನು ದಣಿಸಿಲ್ಲ, ಅವಳು ಅದನ್ನು ಬಿಟ್ಟೂ ಇಲ್ಲ.

ಮರುದಿನದಿಂದ ನನಗೂ ದಿನಾ ಒಂದೇ ಮೊಳ. ಬೆಳಿಗ್ಗೆ ಬಟ್ಟೆ ಒಗೆಯುವಾಗ, ಮುಂದೆ ಯಾವ ಕಡೆ ತಿರುಗಬೇಕು ಅಂತ ಎಣಿಕೆ ತಲೆಯಲ್ಲಿ ತಾನಾಗಿ ಓಡುತ್ತಿತ್ತು. ಮಧ್ಯಾಹ್ನಕ್ಕಾಗಿ ಕಾಯುವಂತಾಯಿತು. ನಾಲ್ಕನೇ ದಿನ ಗೋಪುರಗಳ ನಡುವೆ ಒಂದು ತೊಟ್ಟಿಲು ಹಾಕೋಣ ಅನ್ನಿಸಿತು. ತೊಟ್ಟಿಲು ಕಸೂತಿಯಲ್ಲಿ ಹಳೆಯದೇ. ನಾನು ಅದರೊಳಗೆ ಒಂದು ಪುಟ್ಟ ಚುಕ್ಕಿ ಸೇರಿಸಿದೆ. ದೊಡ್ಡವ್ವ ಹಿಂದೆ ತಿರುವಿ ನೋಡಿದಳು. ಏನೂ ಹೇಳಲಿಲ್ಲ. ಮರುದಿನಕ್ಕೆ ದಾರ ಅಳೆದಿಟ್ಟಳು.

ಕುಬಸದ ದಿನ ತಂಗಿ ಅದೇ ಸೀರೆ ಉಟ್ಟಳು. 2 ಗೋಪುರ, ನಡುವೆ ಹಗ್ಗವಿಲ್ಲದ ಅರ್ಧ ತೊಟ್ಟಿಲು, ಆಮೇಲೆ ಬರೀ ಹಸಿರು. ಯಾರೋ ಸೆರಗು ಹಿಡಿದು, ಇದೇನು ಇಷ್ಟಕ್ಕೇ ನಿಂತದ ಅಂದರು. "ಇನ್ನೂ ಹಾಕಾಕತ್ತಾಳ" ಅಂದಳು ದೊಡ್ಡವ್ವ, ಉಡಿ ತುಂಬುತ್ತ.

ಸೀರೆ ಈಗ ನನ್ನ ಜೊತೆ ಬೆಂಗಳೂರಿನಲ್ಲಿದೆ. ಇಲ್ಲಿ ಮೂರು ಗಂಟೆಯ ಬಿಸಿಲು ನನ್ನದಲ್ಲ, ಆಫೀಸಿನದು. ಹಾಗಾಗಿ ಬೆಳಿಗ್ಗೆ ಕುಕ್ಕರ್ ಕೂಗುವ ಹೊತ್ತಿಗೆ ಅಡುಗೆಮನೆ ಕಿಟಕಿಯ ಹತ್ತಿರ ಕೂರುತ್ತೇನೆ. ಇವತ್ತು ತೊಟ್ಟಿಲ ಎಡಗಡೆಯ ಹಗ್ಗ ಹೋಗುವುದಾಯಿತು. ಬರುವುದು ನಾಳೆ.