ಬಾಟಲಿ ಮೇಲಿನ ವರ್ಷ ಸುಮ್ನೆ ಹಾಕಿರಲ್ಲ

ಮೈಸೂರಿನಲ್ಲಿ ವೈನ್ ಕೊಳ್ಳುವ ನನ್ನ ಗೆಳೆಯರು ಬೆಲೆ ನೋಡುತ್ತಾರೆ, ಹೆಸರು ನೋಡುತ್ತಾರೆ, ಬಾಟಲಿ ಮೇಲಿನ ವರ್ಷ, ಅಂದರೆ ದ್ರಾಕ್ಷಿ ಕೊಯ್ದ ವರ್ಷ ಮಾತ್ರ ನೋಡಲ್ಲ. ಬಿಳಿ ವೈನಿಗಂತೂ ವರ್ಷ ನೋಡಲೇಬೇಕು ಅನ್ನೋದು ನನ್ನ ವಾದ. ಅದರ ಜೀವ ಇರೋದೇ ಹುಳಿಯಲ್ಲಿ. ದ್ರಾಕ್ಷಿ ಹಣ್ಣಾಗುತ್ತಾ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ; ಹಗಲು ಬಿಸಿಲು ಜಾಸ್ತಿಯಾಗಿ ರಾತ್ರಿಯೂ ಸೆಕೆ ಇದ್ದರೆ ದ್ರಾಕ್ಷಿಗೆ ಹುಳಿ ಕೊಡುವ ಮ್ಯಾಲಿಕ್ ಆಮ್ಲ ಬೇಗ ಕಡಿಮೆಯಾಗಿ, ಇತ್ತ ಆಲ್ಕೋಹಾಲ್ ಏರಿ, ಕುಡಿದರೆ ಒಂಥರಾ ಭಾರ, ಸಪ್ಪೆ. 2003ರಲ್ಲಿ ಯುರೋಪ್ ಬಿಸಿಗಾಳಿಗೆ ಬೆಂದಾಗ ಅಲ್ಲಿನ ಎಷ್ಟೋ ಬಿಳಿ ವೈನ್‌ಗಳು ಹೀಗೇ ಆದವು. ತಂಪು ವರ್ಷದ್ದಾದರೆ ನಾಲಿಗೆ ಚುರ್ ಅನ್ನುತ್ತದೆ. ನನಗೆ ಅದೇ ಇಷ್ಟ.

ಹಾಗಂತ ಚಳಿಯೂ ಸಾಧು ಅಲ್ಲ. 2021ರ ಏಪ್ರಿಲ್‌ನಲ್ಲಿ ಬಿಳಿ ವೈನಿಗೆ ಹೆಸರಾದ ಫ್ರಾನ್ಸಿನ ಶಾಬ್ಲಿಯಲ್ಲಿ ದ್ರಾಕ್ಷಿಯ ಎಳೆ ಚಿಗುರು ಹಿಮಕ್ಕೆ ಸುಟ್ಟುಹೋಯಿತು. ರೈತರು ರಾತ್ರಿ ತೋಟದ ತುಂಬ ಮೇಣದ ಡಬ್ಬಿ ಉರಿಸಿದರೂ ಬೆಳೆ ಸಾಕಷ್ಟು ಕೈಕೊಟ್ಟಿತು.

ಇನ್ನು ಕೊಯ್ಲಿನ ಹೊತ್ತಿಗೆ ಮಳೆ ಬಂದರೆ? ಮಂಡ್ಯದವರಿಗೆ ಹೇಳಬೇಕಾಗಿಲ್ಲ, ಮಳೆ ಕುಡಿದ ಕಬ್ಬಿನ ಹಾಲಿನ ಹಾಗೆ ದ್ರಾಕ್ಷಿ ರಸವೂ ತೆಳುವಾಗುತ್ತದೆ, ಗೊಂಚಲೂ ಕೊಳೆಯಬಹುದು. ನಮ್ಮ ನಂದಿ ಬೆಟ್ಟದ ಕಡೆ ಮಳೆಗಾಲ ತಪ್ಪಿಸಿ, ಬೇಸಿಗೆ ಶುರುವಾಗುವ ಹೊತ್ತಿಗೆ ಕೊಯ್ಯೋದು ಅದಕ್ಕೇ. ಅಲ್ಲಿನ ಸೋವಿನ್ಯೋ ಬ್ಲಾಂ ಅನ್ನೋ ಬಿಳಿ ವೈನ್ ಸಿಕ್ಕರೆ ತೀರಾ ಈಚಿನ ವರ್ಷದ್ದನ್ನೇ ಕೇಳಿ ತಗೊಳ್ಳಿ.