ಟೂಲ್ ಆರಿಸುವ ಮೊದಲು ಒಂದು ಡಿಕ್ಕಿ ಮಾಡಿಸಿ ನೋಡಿ

ಡೇಟಾಬೇಸ್ ಸೋರ್ಸ್ ಕಂಟ್ರೋಲ್‌ಗೆ, ಅಂದರೆ ಡೇಟಾಬೇಸ್ ರಚನೆಯ ಬದಲಾವಣೆಗಳನ್ನು ಫೈಲ್‌ಗಳಲ್ಲಿ ದಾಖಲಿಸಿಡಲು, ಯಾವ ಟೂಲ್ ಒಳ್ಳೆಯದು ಎಂದು ಕೇಳಿಕೊಂಡು ಬರುವವರ ಹತ್ತಿರ ಒಂದು ಎಕ್ಸೆಲ್ ಶೀಟ್ ಇದ್ದೇ ಇರುತ್ತದೆ. ಮೇಲೆ ಟೂಲ್‌ಗಳ ಹೆಸರು, ಪಕ್ಕದಲ್ಲಿ ಫೀಚರ್‌ಗಳು, ನಡುವೆ ಸಾಲು ಸಾಲು ಟಿಕ್ ಮಾರ್ಕು. ಡಿಬಿಎ ಆಗಿ ಡೇಟಾಬೇಸ್ ನೋಡಿಕೊಳ್ಳುವ ಕೆಲಸ ಮಾಡುವ ನನಗೆ ಆ ಶೀಟ್ ಮೇಲೆ ಅಷ್ಟೇನೂ ನಂಬಿಕೆ ಇಲ್ಲ. ನಾಲ್ಕೈದು ಜನರ ಟೀಮ್‌ಗೆ ಯಾವ ಟೂಲ್ ಆದರೂ ನಡೆಯುತ್ತದೆ. ಜನ ಜಾಸ್ತಿ ಆದಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಇಬ್ಬರು ಒಂದೇ ವಾರದಲ್ಲಿ ಒಂದೇ ಟೇಬಲ್‌ಗೆ ಕೈ ಹಾಕಿದರೆ, ಆ ಡಿಕ್ಕಿ ಎಲ್ಲಿ ಗೊತ್ತಾಗುತ್ತದೆ? ಇಬ್ಬರ ಕೆಲಸ ಒಂದುಗೂಡಿಸಿ ಮರ್ಜ್ ಮಾಡುವಾಗಲಾ, ಜನ ನಿಜವಾಗಿ ಬಳಸುವ ಪ್ರೊಡಕ್ಷನ್‌ನಲ್ಲಾ?

ಫ್ಲೈವೇ ಎಂಬ ಟೂಲ್ ತೆಗೆದುಕೊಳ್ಳಿ. ಪ್ರತಿ ಬದಲಾವಣೆಗೂ ಒಂದು ಎಸ್‌ಕ್ಯೂಎಲ್ ಫೈಲ್ (ಇದನ್ನೇ ಮೈಗ್ರೇಶನ್ ಎನ್ನುತ್ತಾರೆ), ಫೈಲ್ ಹೆಸರಿನಲ್ಲೇ ವರ್ಷನ್ ನಂಬರ್. ಯಾವುದು ಓಡಿದೆ ಎಂಬ ಲೆಕ್ಕ ಡೇಟಾಬೇಸ್‌ನೊಳಗೇ ಒಂದು ಹಿಸ್ಟರಿ ಟೇಬಲ್‌ನಲ್ಲಿ, ಚೆಕ್‌ಸಮ್ (ಫೈಲ್‌ನಲ್ಲಿರುವುದರಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಜೊತೆಗೆ. ಕಲಿಯಲು ಸುಲಭ. ಆದರೆ ಎರಡು ಬ್ರಾಂಚ್‌ಗಳಲ್ಲಿ (ಕೋಡ್‌ನ ಬೇರೆ ಬೇರೆ ಕವಲುಗಳಲ್ಲಿ) ಇಬ್ಬರೂ 42ನೇ ನಂಬರ್ ಹಾಕಿದರು ಅಂದುಕೊಳ್ಳಿ. ಫೈಲ್ ಹೆಸರಿನ ಉಳಿದ ಭಾಗ ಬೇರೆ ಇರುವುದರಿಂದ ಕೋಡ್ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಏನೂ ಹೇಳದೆ ಮರ್ಜ್ ಮಾಡಿಬಿಡುತ್ತದೆ. ಆಮೇಲೆ ಫ್ಲೈವೇ ಓಡಿಸಿದಾಗ, ಒಂದೇ ವರ್ಷನ್ ಎರಡು ಕಡೆ ಇದೆ ಎಂದು ಅದು ನಿಂತುಬಿಡುತ್ತದೆ. ನಿಲ್ಲುವುದು ಒಳ್ಳೆಯದೇ, ಅದು ಸಿಐನಲ್ಲೇ (ಕೋಡ್ ಸೇರಿಸಿದಾಗ ತಾನಾಗಿಯೇ ನಡೆಯುವ ಪರೀಕ್ಷೆಯಲ್ಲೇ) ಆಗುವಂತಿರಬೇಕು ಅಷ್ಟೆ.

ನಂಬರ್ ಬದಲು ಟೈಮ್‌ಸ್ಟ್ಯಾಂಪ್ (ಫೈಲ್ ಬರೆದ ದಿನ, ಸಮಯ) ಇಟ್ಟರೆ ಆಯ್ತಲ್ವಾ ಎನ್ನುತ್ತಾರೆ. ನಂಬರ್ ಜಗಳ ತಪ್ಪುತ್ತದೆ, ನಿಜ. ಆದರೆ ಮೊದಲು ಬರೆದ ಬ್ರಾಂಚ್ ಕೆಲವೊಮ್ಮೆ ತಡವಾಗಿ ಮರ್ಜ್ ಆಗುತ್ತದೆ. ಅದಕ್ಕಿಂತ ಹೊಸ ವರ್ಷನ್ ಆಗಲೇ ಓಡಿರುವುದರಿಂದ ಫ್ಲೈವೇ ತಕರಾರು ತೆಗೆಯುತ್ತದೆ. ಯಾರೋ ಒಬ್ಬರು ಬೇಸತ್ತು, ಕ್ರಮ ತಪ್ಪಿದ ಫೈಲನ್ನೂ ಓಡಿಸುವ 'ಔಟ್ ಆಫ್ ಆರ್ಡರ್' ಆನ್ ಮಾಡುತ್ತಾರೆ. ಅಲ್ಲಿಂದ ಮುಂದೆ ಹೊಸ ಲ್ಯಾಪ್‌ಟಾಪ್‌ನಲ್ಲಿ ಫೈಲ್‌ಗಳು ಓಡುವ ಕ್ರಮ ಬೇರೆ, ಪ್ರೊಡಕ್ಷನ್‌ನಲ್ಲಿ ಓಡಿದ ಕ್ರಮ ಬೇರೆ. ದೊಡ್ಡ ಟೀಮ್‌ನಲ್ಲಿ ನನಗೆ ಜಾಸ್ತಿ ಭಯ ಹುಟ್ಟಿಸುವ ಸೆಟ್ಟಿಂಗ್ ಇದೇ.

ಲಿಕ್ವಿಬೇಸ್ ಎಂಬ ಇನ್ನೊಂದು ಟೂಲ್‌ನಲ್ಲಿ ಈ ನಂಬರ್ ತಾಪತ್ರಯ ಇಲ್ಲ. ಅದು ಪ್ರತಿ ಬದಲಾವಣೆಯನ್ನು, ಅಂದರೆ ಚೇಂಜ್‌ಸೆಟ್ ಅನ್ನು, ಐಡಿ, ಬರೆದವರ ಹೆಸರು, ಫೈಲ್ ಪಾತ್ (ಫೈಲ್ ಯಾವ ಫೋಲ್ಡರ್‌ನಲ್ಲಿದೆ ಎಂಬುದು) ಮೂರನ್ನೂ ಸೇರಿಸಿ ಗುರುತಿಸುತ್ತದೆ. ಫೈಲ್ ಪಾತ್ ಎಂಬುದನ್ನು ಇನ್ನೊಮ್ಮೆ ಓದಿ. ಯಾರಾದರೂ ಅಚ್ಚುಕಟ್ಟು ಮಾಡೋಣ ಎಂದು ಸುಮ್ನೆ ಫೋಲ್ಡರ್ ಬದಲಾಯಿಸಿದರೆ, ಹಳೆಯ ಚೇಂಜ್‌ಸೆಟ್‌ಗಳೆಲ್ಲ ಅದರ ಕಣ್ಣಿಗೆ ಹೊಸವು. ಮತ್ತೆ ಓಡಿಸಲು ಹೊರಡುತ್ತದೆ. ಫೈಲ್ ಎಲ್ಲಿಗೆ ಹೋದರೂ ಬದಲಾಗದ 'ಲಾಜಿಕಲ್ ಫೈಲ್ ಪಾತ್' ಮೊದಲ ದಿನವೇ ಹಾಕಿಟ್ಟರೆ ಈ ಗೋಳಿಲ್ಲ.

ಡಿಕ್ಕಿಯ ವಿಷಯದಲ್ಲಿ ನನಗೆ ಇಷ್ಟವಾದದ್ದು ಪೈಥಾನ್‌ನವರ ಅಲೆಂಬಿಕ್. ಪ್ರತಿ ಮೈಗ್ರೇಶನ್ ತನ್ನ ಹಿಂದಿನದು ಯಾವುದು ಎಂದು ಹೆಸರಿಸಿರುತ್ತದೆ. ಒಂದೇ ಹಿಂದಿನದಕ್ಕೆ ಇಬ್ಬರು ಮುಂದಿನದು ಬರೆದರೆ ಎರಡು ಹೆಡ್ (ಸರಪಳಿಯ ಕೊನೆಯ ತುದಿ) ಆಗುತ್ತದೆ, ಹೆಡ್‌ಗೆ ಅಪ್‌ಗ್ರೇಡ್ ಮಾಡಿ ಎಂದರೆ ಅದು ಒಪ್ಪುವುದಿಲ್ಲ. ಇಬ್ಬರೂ ಕೂತು ಮಾತಾಡಲೇಬೇಕು. ಸ್ಕಿಚ್ ಎಂಬ ಟೂಲ್‌ನಲ್ಲೂ ಹೀಗೇ, ಒಂದೇ ಪ್ಲಾನ್ ಫೈಲ್‌ನ ಕೊನೆಗೆ ಎಲ್ಲರೂ ಸಾಲು ಸೇರಿಸುವುದರಿಂದ ಗಿಟ್‌ನಲ್ಲೇ ಕಾನ್‌ಫ್ಲಿಕ್ಟ್ ಬರುತ್ತದೆ. ಕಿರಿಕಿರಿ ಅನ್ನಿಸಬಹುದು. ನನಗಂತೂ ಆ ಕಿರಿಕಿರಿಯೇ ಬೇಕು.

ಇನ್ನೊಂದು ಜಾತಿಯ ಟೂಲ್‌ಗಳಿವೆ. ಮೈಕ್ರೋಸಾಫ್ಟ್‌ನ ಎಸ್‌ಎಸ್‌ಡಿಟಿ (ಎಸ್‌ಕ್ಯೂಎಲ್ ಸರ್ವರ್ ಡೇಟಾ ಟೂಲ್ಸ್) ಆ ಪೈಕಿ. ಡೇಟಾಬೇಸ್ ಕೊನೆಗೆ ಹೇಗಿರಬೇಕು ಎಂದು ಬರೆದಿಟ್ಟರೆ ಸಾಕು, ಈಗಿರುವುದಕ್ಕೆ ಹೋಲಿಸಿ ಸ್ಕ್ರಿಪ್ಟ್ ಅದೇ ತಯಾರಿಸುತ್ತದೆ. ಸ್ಟೋರ್ಡ್ ಪ್ರೊಸೀಜರ್‌ಗಳು (ಡೇಟಾಬೇಸ್‌ನೊಳಗೇ ಇಟ್ಟ ಪ್ರೋಗ್ರಾಂಗಳು) ನೂರಾರು ಇದ್ದರೆ ಇದಕ್ಕಿಂತ ಸುಖ ಬೇರೆ ಇಲ್ಲ, ಯಾವ ಸಾಲು ಯಾರು ಬದಲಿಸಿದರು ಎಂದು ಗಿಟ್‌ನಲ್ಲೇ ಕಾಣುತ್ತದೆ. ಟೇಬಲ್‌ಗಳಿಗೆ ಬಂದರೆ ಕಥೆ ಬೇರೆ. ಕಾಲಮ್ ಹೆಸರು ಬದಲಿಸಿದ್ದು ರಿಫ್ಯಾಕ್ಟರ್ ಲಾಗ್‌ನಲ್ಲಿ (ಇಂಥ ಬದಲಾವಣೆ ಬರೆದಿಡುವ ಫೈಲ್‌ನಲ್ಲಿ) ಇಲ್ಲದಿದ್ದರೆ, ಹಳೆಯ ಕಾಲಮ್ ಡ್ರಾಪ್, ಹೊಸದು ಆಡ್ ಎಂದೇ ಅದು ಅರ್ಥ ಮಾಡಿಕೊಳ್ಳುತ್ತದೆ. ಡೇಟಾ ಹೋಗುವಂತಿದ್ದರೆ ತಡೆಯುವ ಸೆಟ್ಟಿಂಗ್ ಡಿಫಾಲ್ಟ್ ಆಗಿ ಆನ್ ಇದೆ, ದಯವಿಟ್ಟು ಅದನ್ನು ಮುಟ್ಟಬೇಡಿ. ಹಾಗಾಗಿ ಟೇಬಲ್‌ಗಳಿಗೆ ಮೈಗ್ರೇಶನ್ ಫೈಲ್, ಪ್ರೊಸೀಜರ್ ಮತ್ತು ವ್ಯೂಗಳಿಗೆ (ಹೆಸರಿಟ್ಟು ಉಳಿಸಿದ ಕ್ವೆರಿಗಳಿಗೆ) ಕೊನೆಯ ರೂಪ, ಇದು ನನ್ನ ಪಾಲಿನ ಲೆಕ್ಕ. ಫ್ಲೈವೇಯ ರಿಪೀಟಬಲ್ ಫೈಲ್‌ಗಳು ಎರಡನೆಯದಕ್ಕೂ ಸಾಕಾಗುತ್ತವೆ. ಚೆಕ್‌ಸಮ್ ಬದಲಾದಾಗ ಮಾತ್ರ ಮತ್ತೆ ಓಡುತ್ತವೆ.

ಶೀಟ್‌ನ ರೋಲ್‌ಬ್ಯಾಕ್ (ಮಾಡಿದ ಬದಲಾವಣೆ ಹಿಂತೆಗೆಯುವುದು) ಟಿಕ್ ಮಾರ್ಕಿಗೆ ಜಾಸ್ತಿ ಮಾರ್ಕ್ಸ್ ಕೊಡಬೇಡಿ. ಡ್ರಾಪ್ ಮಾಡಿದ ಕಾಲಮ್ ವಾಪಸ್ ಬರುತ್ತದೆ, ಒಳಗಿದ್ದ ಡೇಟಾ ಬರುವುದಿಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಟೇಬಲ್ ಬದಲಾವಣೆಗಳನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎಲ್ಲವೂ, ಇಲ್ಲದಿದ್ದರೆ ಏನೂ ಇಲ್ಲ) ಹಾಕಬಹುದು. ಮೈಎಸ್‌ಕ್ಯೂಎಲ್, ಒರಾಕಲ್‌ನಲ್ಲಿ ಪ್ರತಿ ಆಲ್ಟರ್‌ಗೂ (ಟೇಬಲ್ ಬದಲಿಸುವ ಆದೇಶಕ್ಕೂ) ತಾನಾಗಿಯೇ ಕಮಿಟ್, ಅಂದರೆ ಖಾಯಂ, ಆಗುತ್ತದೆ, ಫೈಲ್ ಅರ್ಧಕ್ಕೆ ಬಿದ್ದರೆ ಅರ್ಧ ಬದಲಾವಣೆ ಅಲ್ಲೇ ಉಳಿಯುತ್ತದೆ. ಅಲ್ಲಿ ಒಂದು ಫೈಲ್‌ಗೆ ಒಂದೇ ಆಲ್ಟರ್ ಎಂಬ ನಿಯಮ ಇಡಿ.

ಅಂದಹಾಗೆ, ಎಲ್ಲ ಡೆವಲಪರ್‌ಗಳೂ ಒಂದೇ ಡೇಟಾಬೇಸ್ ಹಂಚಿಕೊಂಡಿದ್ದರೆ ಯಾವ ಟೂಲ್ ತಂದರೂ ಕಷ್ಟವೇ. ಕೊನೆಗೆ ಸೇವ್ ಮಾಡಿದವರ ಪ್ರೊಸೀಜರ್ ಉಳಿಯುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಕಂಟೇನರ್‌ನಲ್ಲಿ ಪ್ರತ್ಯೇಕ ಡೇಟಾಬೇಸ್ ಕೊಡಿ, ಆಮೇಲೆ ಟೂಲ್ ಮಾತು.

ಟ್ರಯಲ್‌ನಲ್ಲಿ ಇಬ್ಬರನ್ನು ಕೂರಿಸಿ, ಒಂದೇ ಟೇಬಲ್ ಬದಲಿಸಲು ಹೇಳಿ, ತಡವಾಗಿ ಮರ್ಜ್ ಮಾಡಿಸಿ. ಇನ್ನೊಂದು ಪರೀಕ್ಷೆಯೂ ಇರಲಿ. ಟೂಲ್‌ಗೆ ತಿಳಿಸದೆ ನೇರವಾಗಿ ಒಂದು ಇಂಡೆಕ್ಸ್ (ಹುಡುಕಾಟ ಬೇಗ ಆಗಿಸುವ ಸೂಚಿ) ಹಾಕಿ. ರಾತ್ರಿ ಸಿಸ್ಟಮ್ ನಿಧಾನ ಆದಾಗ ನಮ್ಮಂಥವರು ಮಾಡುವುದು ಅದನ್ನೇ. ಫ್ಲೈವೇಯ ಮೈಗ್ರೇಟ್ ಕಮಾಂಡ್ ಅದನ್ನು ಗಮನಿಸುವುದೇ ಇಲ್ಲ. ಎಸ್‌ಎಸ್‌ಡಿಟಿಯ ಮುಂದಿನ ಪಬ್ಲಿಶ್, ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ, ಆ ಇಂಡೆಕ್ಸ್ ತೆಗೆದು ಹಾಕುತ್ತದೆ. ನಿಮ್ಮ ಟೀಮ್‌ಗೆ ಇವೆರಡರಲ್ಲಿ ಯಾವುದು ಕಡಿಮೆ ತೊಂದರೆ ಎಂದು ಆನ್‌ಕಾಲ್‌ನಲ್ಲಿ ಇರುವವರನ್ನೇ, ಅಂದರೆ ಹೊತ್ತಲ್ಲದ ಹೊತ್ತಿನಲ್ಲಿ ತೊಂದರೆ ಬಂದರೆ ಎದ್ದು ನೋಡುವವರನ್ನೇ, ಕೇಳಿ.