ಕ್ರಾಪ್ರಡಿಯ ಹೊಲದಲ್ಲಿ ಮೂರು ದಿನ: ಫೇರ್‌ಪೋರ್ಟ್ ಕನ್ವೆನ್ಷನ್ ಉತ್ಸವಕ್ಕೆ ಹೋಗಬೇಕೆನ್ನುವವರಿಗೆ

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಬ್ಯಾನ್‌ಬರಿ ಎಂಬ ಪೇಟೆಯಿಂದ ಏಳೆಂಟು ಕಿಲೋಮೀಟರ್ ಉತ್ತರಕ್ಕೆ ಕ್ರಾಪ್ರಡಿ ಎಂಬ ಹಳ್ಳಿಯಿದೆ. ಆಗಸ್ಟ್ ತಿಂಗಳ ಎರಡನೆಯ ವಾರದ ಕೊನೆಯಲ್ಲಿ, ಗುರುವಾರದಿಂದ ಶನಿವಾರದವರೆಗೆ, ಆ ಹಳ್ಳಿಯ ಅಂಚಿನ ಹೊಲಗಳಲ್ಲಿ ಇಂಗ್ಲಿಷ್ ಜನಪದ-ರಾಕ್ ಸಂಗೀತದ ಫೇರ್‌ಪೋರ್ಟ್ ಕನ್ವೆನ್ಷನ್ ತಂಡ ತನ್ನದೇ ಸಂಗೀತೋತ್ಸವವನ್ನು ನಡೆಸುತ್ತದೆ. ಸೋದರಮಾವನ ಕ್ಯಾಸೆಟ್ಟುಗಳಿಂದ ಶುರುವಾಗಿ ಮೂವತ್ತು ವರ್ಷ ಈ ತಂಡವನ್ನು ಕೇಳುತ್ತ ಬಂದಿದ್ದ ನಾನು 2023ರಲ್ಲಿ ಹೆಂಡತಿಯೊಡನೆ ಮೈಸೂರಿನಿಂದ ಅಲ್ಲಿಗೆ ಹೋಗಿಬಂದೆ. ಹೊರಡುವ ಮುನ್ನ ತಿಳಿದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿದ ಸಂಗತಿಗಳನ್ನು, ಇದೇ ಪ್ರಯಾಣದ ಯೋಚನೆಯಲ್ಲಿರುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಅವುಗಳಲ್ಲಿ ಮುಖ್ಯವಾದದ್ದನ್ನು ಮೊದಲೇ ಹೇಳುವುದಾದರೆ, ಒಂದು ರಾತ್ರಿಯ ಕಛೇರಿಗೆ ಹೋಗಿ ಬರುವಂತೆ ಇಲ್ಲಿಗೆ ಹೋಗಬೇಡಿ. ಮೂರು ದಿನವೂ ಹೊಲದಲ್ಲೇ ಉಳಿಯುವಂತೆ ಎಲ್ಲವನ್ನೂ ಯೋಜಿಸಿಕೊಳ್ಳಿ.

ಹೀಗೆ ಹೇಳಲು ಉತ್ಸವ ಬೆಳೆದ ಬಗೆಯೇ ಕಾರಣ. ಲಂಡನ್ನಿನ ಮಸ್‌ವೆಲ್ ಹಿಲ್ ಬಡಾವಣೆಯಲ್ಲಿ ಗಿಟಾರ್ ವಾದಕ ಸೈಮನ್ ನಿಕೋಲ್ ಅವರ ಮನೆಯ ಹೆಸರು ‘ಫೇರ್‌ಪೋರ್ಟ್’ ಎಂದಿತ್ತು. 1967ರಲ್ಲಿ ಅಲ್ಲಿ ಅಭ್ಯಾಸ ನಡೆಸುತ್ತಿದ್ದ ಹುಡುಗರು ಅದನ್ನೇ ತಂಡದ ಹೆಸರಾಗಿ ಇಟ್ಟುಕೊಂಡರು. 1969ರ ಮೇ ತಿಂಗಳಲ್ಲಿ ಕಾರ್ಯಕ್ರಮ ಮುಗಿಸಿ ವ್ಯಾನಿನಲ್ಲಿ ಹಿಂದಿರುಗುವಾಗ ನಡೆದ ಅಪಘಾತದಲ್ಲಿ ಅವರ ಡ್ರಮ್ ವಾದಕ ಮಾರ್ಟಿನ್ ಲ್ಯಾಂಬಲ್ ಹತ್ತೊಂಬತ್ತನೆಯ ವಯಸ್ಸಿಗೇ ತೀರಿಕೊಂಡರು. ಆ ದುಃಖದಿಂದ ಚೇತರಿಸಿಕೊಳ್ಳುತ್ತಲೇ ಅದೇ ವರ್ಷ ಅವರು ‘ಲೀಜ್ ಅಂಡ್ ಲೀಫ್’ ಎಂಬ ಆಲ್ಬಮ್ ಮಾಡಿ, ಇಂಗ್ಲೆಂಡಿನ ಹಳೆಯ ಜನಪದ ಕಥನಗೀತೆಗಳನ್ನು ಎಲೆಕ್ಟ್ರಿಕ್ ಗಿಟಾರ್, ಪಿಟೀಲು ಮತ್ತು ಡ್ರಮ್‌ಗಳ ಜೊತೆ ಹಾಡಿದರು. ಹತ್ತು ವರ್ಷಗಳ ಬಳಿಕ, ತಂಡವನ್ನು ಮುಚ್ಚುವ ನಿರ್ಧಾರ ಮಾಡಿ 1979ರ ಆಗಸ್ಟ್ 4ರಂದು ನೆಬ್‌ವರ್ತ್‌ನಲ್ಲಿ ಪ್ರಸಿದ್ಧ ರಾಕ್ ತಂಡ ಲೆಡ್ ಜೆಪ್ಲಿನ್‌ನ ದೊಡ್ಡ ಕಾರ್ಯಕ್ರಮದಲ್ಲಿ ನುಡಿಸಿ, ಅದೇ ದಿನ ಅಲ್ಲಿಂದ ಕ್ರಾಪ್ರಡಿಗೆ ಬಂದು ವಿದಾಯದ ಕಛೇರಿ ಕೊಟ್ಟರು. ಮರುವರ್ಷ ಅದೇ ಹಳ್ಳಿಯಲ್ಲಿ ಮತ್ತೆ ಸೇರಿದರು. ಆಮೇಲೆ ಈ ವಾರ್ಷಿಕ ಕೂಟ ನಿಂತದ್ದು ಕೋವಿಡ್‌ನ 2020 ಮತ್ತು 2021ರಲ್ಲಿ ಮಾತ್ರ. ಬೇರೆ ಬೇರೆ ಕಾಲದಲ್ಲಿ ತಂಡ ಬಿಟ್ಟುಹೋದವರು ಅತಿಥಿಗಳಾಗಿ ಬಂದು ನುಡಿಸುವುದೂ, ಕೇಳುಗರು ಮಕ್ಕಳು ಮೊಮ್ಮಕ್ಕಳೊಡನೆ ಅದೇ ಜಾಗದಲ್ಲಿ ಕುರ್ಚಿ ಹಾಕುವುದೂ ಈ ಹಿನ್ನೆಲೆಯಿಂದ ಬಂದದ್ದು.

ಇನ್ನು ತಯಾರಿಯ ವಿಷಯ. ಪ್ರವೇಶದ ಟಿಕೆಟ್ ಬೇರೆ, ಟೆಂಟ್ ಹಾಕುವ ಟಿಕೆಟ್ ಬೇರೆ ಎಂಬುದು ನನಗೆ ತಿಳಿದದ್ದು ತಡವಾಗಿ; ಜುಲೈನಲ್ಲಿ ಕಾಗದಗಳನ್ನು ಜೋಡಿಸುವಾಗ ಹೆಂಡತಿ ಕೇಳದಿದ್ದರೆ ಬರೀ ಪ್ರವೇಶದ ಟಿಕೆಟ್ ಹಿಡಿದು ಹೊರಟುಬಿಡುತ್ತಿದ್ದೆವು. ಎರಡನ್ನೂ ಒಟ್ಟಿಗೇ ಕೊಂಡುಕೊಳ್ಳಿ. ವೀಸಾಕ್ಕೆ ಬೇಕಾದದ್ದು ಬ್ರಿಟನ್ನಿನ ಸಾಮಾನ್ಯ ಸಂದರ್ಶಕ ವೀಸಾ. ಪ್ರಯಾಣಕ್ಕೆ ಮೂರು ತಿಂಗಳಿಗಿಂತ ಮುಂಚೆ ಅದಕ್ಕೆ ಅರ್ಜಿ ಹಾಕಲು ಬರುವುದಿಲ್ಲ, ಬೆರಳಚ್ಚು ಕೊಟ್ಟ ಮೇಲೆ ತೀರ್ಮಾನಕ್ಕೆ ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ. ಆದ್ದರಿಂದ ಆಗಸ್ಟ್ ಉತ್ಸವಕ್ಕೆ ಮೇ ಕೊನೆ ಅಥವಾ ಜೂನ್ ಮೊದಲ ವಾರ ಸರಿಯಾದ ಸಮಯ. ನಾವು ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಬೆರಳಚ್ಚು ಮತ್ತು ಫೋಟೊ ಕೊಟ್ಟೆವು. ಆಗ ಆರು ತಿಂಗಳ ವೀಸಾಕ್ಕೆ ಒಬ್ಬರಿಗೆ 100 ಪೌಂಡ್ ಶುಲ್ಕವಿತ್ತು; ನಂತರ ಅದು ಏರಿದೆ, ಅರ್ಜಿ ಹಾಕುವ ದಿನದ ದರವನ್ನು ಬ್ರಿಟಿಷ್ ಸರ್ಕಾರದ ಜಾಲತಾಣದಲ್ಲೇ ನೋಡಿಕೊಳ್ಳಬೇಕು.

ವೀಸಾ ಅಧಿಕಾರಿಗೆ ಮನವರಿಕೆಯಾಗಬೇಕಾದದ್ದು ಎರಡೇ ವಿಷಯ: ಖರ್ಚಿಗೆ ನಿಮ್ಮಲ್ಲಿ ಹಣವಿದೆ ಎಂಬುದು ಮತ್ತು ನೀವು ಊರಿಗೆ ಹಿಂದಿರುಗುತ್ತೀರಿ ಎಂಬುದು. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಕಚೇರಿಯವರು ರಜೆ ಮಂಜೂರು ಮಾಡಿದ ಪತ್ರ, ಉತ್ಸವದ ಟಿಕೆಟ್ ಮತ್ತು ಯಾವ ದಿನ ಎಲ್ಲಿರುತ್ತೇವೆ ಎಂಬ ಒಂದು ಪುಟದ ವಿವರ, ಇಷ್ಟನ್ನು ನಾವು ಕೊಟ್ಟೆವು. ಹೆಂಡತಿಯ ಹೆಸರಿನಲ್ಲಿ ಹಾಸನದ ಬಳಿ ಸ್ವಲ್ಪ ಜಮೀನಿದೆ. ಅದರ ಪಹಣಿ ಕನ್ನಡದಲ್ಲಿತ್ತು. ಕನ್ನಡದ ದಾಖಲೆಯನ್ನು ಹಾಗೇ ಕೊಟ್ಟರೆ ಲೆಕ್ಕಕ್ಕೆ ಬರುವುದಿಲ್ಲ. ಅದರ ಪೂರ್ಣ ಇಂಗ್ಲಿಷ್ ಅನುವಾದ ಬೇಕು, ಅನುವಾದ ಸರಿಯಾಗಿದೆ ಎಂದು ಅನುವಾದಕರು ಬರೆದು ದಿನಾಂಕ, ಹೆಸರು, ಸಹಿ ಮತ್ತು ಸಂಪರ್ಕದ ವಿವರವನ್ನೂ ಹಾಕಿರಬೇಕು. ಪಹಣಿ, ಖಾತೆ, ಕನ್ನಡದ ವಿವಾಹ ಪ್ರಮಾಣಪತ್ರ ಯಾವುದನ್ನು ಕೊಡುವುದಿದ್ದರೂ ಈ ಕೆಲಸಕ್ಕೆ ಒಂದು ವಾರ ಇಟ್ಟುಕೊಳ್ಳಿ.

ಬೆಂಗಳೂರಿನಿಂದ ಲಂಡನ್ನಿನ ಹೀಥ್ರೋಗೆ ನೇರ ವಿಮಾನಗಳಿವೆ. ಉತ್ಸವಕ್ಕೆ ಎರಡು ದಿನ ಮೊದಲೇ ಇಳಿಯುವುದು ಒಳ್ಳೆಯದು. ಪ್ರಯಾಣದ ಆಯಾಸ ಕಳೆಯುತ್ತದೆ, ಟೆಂಟ್ ಮುಂತಾದ ಸಾಮಾನು ಕೊಳ್ಳುವುದಕ್ಕೂ ಸಮಯ ಸಿಗುತ್ತದೆ. ಹೀಥ್ರೋದಿಂದ ಎಲಿಜಬೆತ್ ಲೈನ್ ರೈಲಿನಲ್ಲಿ ಅರ್ಧ ಗಂಟೆಯಲ್ಲಿ ಪ್ಯಾಡಿಂಗ್ಟನ್ ತಲುಪಬಹುದು. ಬ್ಯಾನ್‌ಬರಿಗೆ ಹೋಗುವ ರೈಲು ಹೊರಡುವ ಮೆರಿಲ್‌ಬೋನ್ ನಿಲ್ದಾಣ ಅಲ್ಲಿಂದ ಬೇಕರ್‌ಲೂ ಸುರಂಗ ರೈಲಿನಲ್ಲಿ ಎರಡೇ ನಿಲ್ದಾಣ ದೂರ. ಮೆರಿಲ್‌ಬೋನ್‌ನಿಂದ ಬ್ಯಾನ್‌ಬರಿಗೆ ಸುಮಾರು ಒಂದು ಗಂಟೆಯ ದಾರಿ. ಬೆಳಗಿನ ದಟ್ಟಣೆಯ ಹೊತ್ತು ಕಳೆದ ಮೇಲಿನ ರೈಲುಗಳಲ್ಲಿ ಟಿಕೆಟ್ ಅಗ್ಗ, ಕೂರಲು ಜಾಗವೂ ಸಿಗುತ್ತದೆ. ಕ್ರಾಪ್ರಡಿಯ ರೈಲು ನಿಲ್ದಾಣವನ್ನು 1956ರಲ್ಲೇ ಮುಚ್ಚಿದ್ದಾರೆ, ಹಾಗಾಗಿ ಕೊನೆಯ ಏಳೆಂಟು ಕಿಲೋಮೀಟರ್‌ಗೆ ನಾವು ಟ್ಯಾಕ್ಸಿ ಹಿಡಿದೆವು.

ಟೆಂಟಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮಲ್ಲಿ ಬಹಳ ಮಂದಿಗೆ ಇದರ ಅಭ್ಯಾಸವಿರುವುದಿಲ್ಲ. ನಾವು ಲಂಡನ್ನಿನಲ್ಲಿ ಇಬ್ಬರು ಮಲಗುವ ಟೆಂಟ್, ಎರಡು ಮಲಗುವ ಚೀಲ, ಎರಡು ಫೋಮ್ ಹಾಸಿಗೆ ಮತ್ತು ಎರಡು ಮಡಿಸುವ ಕುರ್ಚಿ ಕೊಂಡೆವು. ‘ಇಬ್ಬರಿಗೆ’ ಎಂದು ಬರೆದಿರುವ ಟೆಂಟಿನಲ್ಲಿ ಇಬ್ಬರು ಮಲಗಬಹುದೇ ಹೊರತು ಪೆಟ್ಟಿಗೆ ಚೀಲಗಳಿಗೆ ಜಾಗವಿರುವುದಿಲ್ಲ, ಮೂವರ ಅಳತೆಯದನ್ನೇ ತೆಗೆದುಕೊಳ್ಳಿ. ಆಗಸ್ಟ್ ಅಲ್ಲಿ ಬೇಸಿಗೆಯೇ ಆದರೂ ಬೆಳಗಿನ ಜಾವ ಹತ್ತು ಹನ್ನೆರಡು ಡಿಗ್ರಿಗೆ ಇಳಿಯುವುದುಂಟು. ಮೈಸೂರಿನ ಮೈಗೆ ಅದು ಧನುರ್ಮಾಸದ ಚಳಿಗಿಂತ ಹೆಚ್ಚು. ಮೊದಲ ರಾತ್ರಿ ನೆಲದ ತಂಪು ಹಾಸಿಗೆಯನ್ನು ದಾಟಿ ಬೆನ್ನಿಗೆ ತಟ್ಟಿ, ನಾಲ್ಕು ಗಂಟೆಗೆ ಎಚ್ಚರವಾಗಿ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡೆವು. ಚಳಿ ಮೇಲಿನಿಂದ ಬರುವುದಕ್ಕಿಂತ ಕೆಳಗಿನಿಂದ ಬರುವುದೇ ಹೆಚ್ಚು, ಆದ್ದರಿಂದ ಮಲಗುವ ಚೀಲಕ್ಕೆ ಹಾಕಿದಷ್ಟೇ ದುಡ್ಡನ್ನು ಕೆಳಗಿನ ಹಾಸಿಗೆಗೂ ಹಾಕಿ. ಹೊರಗೆ ಬಿಟ್ಟ ಬೂಟು ಬೆಳಗ್ಗೆ ಇಬ್ಬನಿಯಲ್ಲಿ ಮಳೆಗೆ ನೆನೆದಂತೆ ತೊಯ್ದಿರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಳಗಿಟ್ಟುಕೊಳ್ಳಿ. ರಾತ್ರಿ ನೂರಾರು ಟೆಂಟುಗಳು ಒಂದೇ ಬಣ್ಣದ ಗುಡ್ಡೆಗಳಾಗಿ ಕಾಣುವಾಗ ನಮ್ಮದನ್ನು ಹುಡುಕಲು ಮೊದಲ ದಿನ ಅರ್ಧ ಗಂಟೆ ಹಿಡಿಯಿತು. ಮರುದಿನ ಹೆಂಡತಿ ಕೆಂಪು ಚೌಕಳಿಯ ಟವೆಲ್ಲೊಂದನ್ನು ಬೇಲಿಗೆ ಹತ್ತಿರದ ಹಗ್ಗಕ್ಕೆ ಕಟ್ಟಿದಳು, ಆಮೇಲೆ ಟಾರ್ಚಿನ ಬೆಳಕು ಅದರ ಮೇಲೆ ಬಿದ್ದರೆ ಸಾಕಾಗುತ್ತಿತ್ತು.

ಟೆಂಟಿನ ಹೊಲಗಳಲ್ಲಿ ಕೆಲವು ವೇದಿಕೆಗೆ ಹತ್ತಿರ, ಕೆಲವು ನಡೆದು ಸುಸ್ತಾಗುವಷ್ಟು ದೂರ. ಗುರುವಾರ ಬೇಗ ತಲುಪಿದವರಿಗೆ ಅನುಕೂಲ ಹೆಚ್ಚು. ಕೈಯಲ್ಲಿ ಹೊರಲಾಗದಷ್ಟು ಸಾಮಾನು ತರಬೇಡಿ, ಹುಲ್ಲಿನ ಮೇಲೆ ಸೂಟ್‌ಕೇಸಿನ ಚಕ್ರ ಉರುಳುವುದಿಲ್ಲ. ಮೊಬೈಲ್ ಚಾರ್ಜಿಗೆ ದೊಡ್ಡ ಪವರ್ ಬ್ಯಾಂಕ್ ಇರಲಿ, ವಿಮಾನದಲ್ಲಿ ಅದು ಕೈಚೀಲದಲ್ಲೇ ಇರಬೇಕು. ತಾತ್ಕಾಲಿಕ ಶೌಚಾಲಯಗಳಲ್ಲಿ ನಮಗೆ ಬೇಕಾದಂತೆ ನೀರಿರುವುದಿಲ್ಲ, ಒಂದು ಖಾಲಿ ಬಾಟಲಿ ಜೊತೆಗಿದ್ದರೆ ಸಮಾಧಾನ.

ಇಲ್ಲಿರುವುದು ಒಂದೇ ವೇದಿಕೆ. ದೊಡ್ಡ ಉತ್ಸವಗಳಲ್ಲಿ ನಾಲ್ಕು ವೇದಿಕೆಗಳ ನಡುವೆ ಓಡಾಡಿ ಯಾರನ್ನೋ ಕೇಳಲು ಯಾರನ್ನೋ ಬಿಡಬೇಕಾಗುತ್ತದೆ. ಇಲ್ಲಿ ಆ ಕಷ್ಟವಿಲ್ಲ. ಹೊಲ ವೇದಿಕೆಯ ಕಡೆಗೆ ನಿಧಾನವಾಗಿ ಇಳಿಜಾರಾಗಿರುವುದರಿಂದ ಹಿಂದೆ ಕೂತವರಿಗೂ ಕಾಣುತ್ತದೆ. ಜನ ಬೆಳಗ್ಗೆಯೇ ಬಂದು ಕುರ್ಚಿ ಹಾಕಿ, ಉದ್ದನೆಯ ಕೋಲಿಗೆ ಬಾವುಟ ಕಟ್ಟಿ ತಮ್ಮ ಜಾಗದ ಗುರುತು ಮಾಡಿಕೊಳ್ಳುತ್ತಾರೆ. ಕರಾವಳಿಯ ಗದ್ದೆ ಬಯಲಿನಲ್ಲಿ ಚಾಪೆ ಹಾಸಿ ಇಡೀ ರಾತ್ರಿ ಆಟ ನೋಡಿದವರಿಗೆ ಆ ಕೂರುವ ರೀತಿ, ನಡುನಡುವೆ ಎದ್ದು ಹೋಗಿ ಏನಾದರೂ ತಿಂದು ಬರುವ ರೀತಿ ಹೊಸದೆನಿಸುವುದಿಲ್ಲ. ಗುರುವಾರ ಸಂಜೆ ಶುರುವಾದರೆ ಶುಕ್ರ ಶನಿವಾರಗಳಂದು ಮಧ್ಯಾಹ್ನದಿಂದಲೇ ಸಂಗೀತ. ಆ ಸಲ ಶುಕ್ರವಾರ, ಆಗಸ್ಟ್ 11ರಂದು, ಸ್ಟ್ರಾಬ್ಸ್ ತಂಡ ತನ್ನ ಕೊನೆಯ ಕಛೇರಿಯನ್ನು ಇದೇ ವೇದಿಕೆಯಲ್ಲಿ ಕೊಟ್ಟಿತು. ಫೇರ್‌ಪೋರ್ಟ್‌ನ ಮಹಾನ್ ಗಾಯಕಿ ಸ್ಯಾಂಡಿ ಡೆನಿ ಆ ತಂಡಕ್ಕೆ ಸೇರುವ ಮೊದಲು, 1967ರಲ್ಲಿ, ಸ್ಟ್ರಾಬ್ಸ್ ಜೊತೆ ಹಾಡಿದವರು. ಬರೀ ಶನಿವಾರದ ಟಿಕೆಟ್ ಕೊಂಡಿದ್ದರೆ ಅದು ನನಗೆ ತಪ್ಪಿಹೋಗುತ್ತಿತ್ತು ಎಂಬುದನ್ನು ನೆನೆದರೆ ಈಗಲೂ ಮನಸ್ಸಿಗೆ ಒಂಥರಾ ಆಗುತ್ತದೆ.

ಸಂಗೀತದ ಹುಚ್ಚು ನನ್ನದಾಗಿತ್ತು, ನನ್ನ ಹೆಂಡತಿಯದಲ್ಲ. ಜೊತೆಗೆ ಬರುವವರಿಗೆ ಈ ತಂಡದ ಪರಿಚಯವಿಲ್ಲದಿದ್ದರೂ ಬೇಸರವಾಗದಂತೆ ಕಾಯುವುದು ಆ ಹಳ್ಳಿ. ಆಕ್ಸ್‌ಫರ್ಡ್ ಕಾಲುವೆ ಊರಿನೊಳಗೇ ಹರಿಯುತ್ತದೆ. ಶುಕ್ರವಾರ ಬೆಳಗ್ಗೆ ನಾವು ನೀರಿನ ಮಟ್ಟ ಏರಿಳಿಸಿ ದೋಣಿಗಳನ್ನು ದಾಟಿಸುವ ಕಾಲುವೆಯ ತೂಬುಗಟ್ಟೆಯ (ಲಾಕ್) ಬಳಿ ಒಂದು ಗಂಟೆ ನಿಂತೆವು. ಉದ್ದನೆಯ ಕಿರಿದಾದ ದೋಣಿಯೊಂದು ಒಳಗೆ ಬಂದು ನಿಂತಿತು. ದೋಣಿಯ ಹೆಂಗಸು ದಡಕ್ಕೆ ಹಾರಿ, ಬಾಗಿಲಿನ ಉದ್ದನೆಯ ಮರದ ತೋಳಿಗೆ ಬೆನ್ನು ಕೊಟ್ಟು, ಇಟ್ಟಿಗೆಯ ಏಣುಗಳಿಗೆ ಹಿಮ್ಮಡಿ ಒತ್ತಿ ಹಿಂದಕ್ಕೆ ತಳ್ಳಿದರು. ಬಾಗಿಲು ಮುಚ್ಚಿತು, ನೀರು ತುಂಬುತ್ತ ತುಂಬುತ್ತ ದೋಣಿ ನಮ್ಮ ಮೊಣಕಾಲಿನ ಮಟ್ಟಕ್ಕೆ ಎದ್ದು ಬಂತು. ನನ್ನ ಹೆಂಡತಿ ಮರುದಿನವೂ ಅಲ್ಲಿಗೇ ಹೋದಳು. ಚೆರ್ವೆಲ್ ನದಿಯ ಸೇತುವೆಯ ಬಳಿ 1644ರ ಜೂನ್ 29ರಂದು ಮೊದಲನೆಯ ಚಾರ್ಲ್ಸ್ ದೊರೆಯ ಸೈನ್ಯಕ್ಕೂ ಸಂಸತ್ತಿನ ಕಡೆಯ ಸೈನ್ಯಕ್ಕೂ ಕಾಳಗ ನಡೆದಿತ್ತು. ರಾಲ್ಫ್ ಮೆಕ್‌ಟೆಲ್ ಅದರ ಬಗ್ಗೆ ಬರೆದ ಹಾಡನ್ನು ಫೇರ್‌ಪೋರ್ಟ್ ಹಾಡಿದೆ. ಹಾಡನ್ನು ಮೊದಲೇ ಕೇಳಿಕೊಂಡು ಹೋದರೆ ಆ ಸೇತುವೆಯ ಮೇಲೆ ನಿಲ್ಲುವುದು ಬೇರೆಯೇ ಅನುಭವ. ರೆಡ್ ಲಯನ್ ಮತ್ತು ಬ್ರೇಸ್‌ನೋಸ್ ಆರ್ಮ್ಸ್ ಎಂಬ ಊರಿನ ಎರಡು ಪಬ್‌ಗಳಲ್ಲೂ ಹಗಲಿನಲ್ಲಿ ಸಂಗೀತವಿರುತ್ತದೆ.

ಸಸ್ಯಾಹಾರಿಗಳಿಗೆ ಊಟದ ಚಿಂತೆ ಬೇಡ, ಮಳಿಗೆಗಳಲ್ಲಿ ಆಯ್ಕೆಗಳಿದ್ದವು. ಬೆಳಗಿನ ತಿಂಡಿಗೆ ಮಾತ್ರ ಹಳ್ಳಿಯೊಳಗೆ ಹೋಗಿ ಊರಿನವರೇ ನಡೆಸುವ ಕಡೆ ತಿನ್ನಿ; ಆ ದುಡ್ಡು ಊರಿನ ಕೆಲಸಗಳಿಗೆ ಹೋಗುತ್ತದೆ, ಅಲ್ಲಿಗೆ ಸ್ವಲ್ಪ ನಗದು ಇಟ್ಟುಕೊಂಡಿರಿ. ಇಲ್ಲಿಂದ ಒಯ್ಯುವುದಾದರೆ ಗೊಜ್ಜವಲಕ್ಕಿಯ ಪುಡಿ, ಚಟ್ನಿಪುಡಿ, ಕೋಡುಬಳೆ ಸಾಕು. ಭಾರತದಿಂದ ಹಾಲಿನ ಪದಾರ್ಥ ಮತ್ತು ಮಾಂಸವನ್ನು ಬ್ರಿಟನ್ನಿಗೆ ಒಯ್ಯುವಂತಿಲ್ಲ, ಆದ್ದರಿಂದ ತುಪ್ಪದ ಡಬ್ಬಿಯನ್ನು ಮನೆಯಲ್ಲೇ ಬಿಡಿ.

ಶನಿವಾರ ರಾತ್ರಿ ಒಂಬತ್ತರ ಹೊತ್ತಿಗೆ ಫೇರ್‌ಪೋರ್ಟ್ ವೇದಿಕೆಗೆ ಬಂತು. ಎಂಟೂವರೆಗೆ ಮುಳುಗಿದ ಸೂರ್ಯನ ಬೆಳಕು ಇನ್ನೂ ಆಕಾಶದ ಅಂಚಿನಲ್ಲಿತ್ತು. ಸೈಮನ್ ನಿಕೋಲ್, ಬೇಸ್ ಗಿಟಾರಿನ ಡೇವ್ ಪೆಗ್, ಪಿಟೀಲಿನ ರಿಕ್ ಸ್ಯಾಂಡರ್ಸ್ ಮತ್ತು ಕ್ರಿಸ್ ಲೆಸ್ಲಿ, ಅವರ ಹಿಂದೆ 1969ರ ಆ ಆಲ್ಬಮ್‌ಗೇ ಡ್ರಮ್ ನುಡಿಸಿದ್ದ ಡೇವ್ ಮ್ಯಾಟಕ್ಸ್. ಸುಮಾರು ಮೂರು ಗಂಟೆಯ ಕಛೇರಿ. ಕೊನೆಯ ಹಾಡು ಪ್ರತಿವರ್ಷವೂ ಒಂದೇ, ರಿಚರ್ಡ್ ಥಾಂಪ್ಸನ್ ತಮ್ಮ ಹತ್ತೊಂಬತ್ತರ ಆಸುಪಾಸಿನಲ್ಲಿ ಬರೆದ ‘ಮೀಟ್ ಆನ್ ದ ಲೆಜ್’. ನಮ್ಮ ಕಛೇರಿಗಳಿಗೆ ಮಂಗಳ ಹೇಗೋ ಇಲ್ಲಿ ಅದು ಹಾಗೆ. ಲ್ಯಾಂಬಲ್, 1978ರಲ್ಲಿ ಮೂವತ್ತೊಂದಕ್ಕೇ ಹೋದ ಸ್ಯಾಂಡಿ ಡೆನಿ, 2016ರಲ್ಲಿ ತೀರಿಕೊಂಡ ಪಿಟೀಲಿನ ಡೇವ್ ಸ್ವಾರ್‌ಬ್ರಿಕ್ ಇವರನ್ನೆಲ್ಲ ನೆನೆಯುತ್ತ, ತಮ್ಮ ಮನೆಗಳಲ್ಲಿ ಇಲ್ಲವಾದವರನ್ನೂ ನೆನೆಯುತ್ತ ಇಡೀ ಹೊಲ ಎದ್ದು ನಿಂತು ಹಾಡುತ್ತದೆ. ನನ್ನ ಮುಂದಿದ್ದ ಎಪ್ಪತ್ತು ದಾಟಿದ ಹಿರಿಯರೊಬ್ಬರು ಪಕ್ಕದ ಖಾಲಿ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಹಾಡುತ್ತಿದ್ದರು. ಕ್ಯಾಸೆಟ್ ಕೊಟ್ಟ ಮಾವ ಈಗಿಲ್ಲ. ನನಗೆ ಎರಡನೆಯ ಪಲ್ಲವಿಯ ಆಚೆ ದನಿ ಬರಲಿಲ್ಲ.

ಹಾಡು ಮುಗಿಯುವಾಗ ನಡುರಾತ್ರಿಯಾಗಿರುತ್ತದೆ. ಆ ಹೊತ್ತಿನಲ್ಲಿ ಬ್ಯಾನ್‌ಬರಿಯ ಹೋಟೆಲಿಗೋ ಲಂಡನ್ನಿಗೋ ಹೋಗಬೇಕಾದವರು ಕೊನೆಯ ಹಾಡನ್ನು ಬಿಟ್ಟು ಟ್ಯಾಕ್ಸಿಯ ದಾರಿ ಹಿಡಿಯುವುದನ್ನು ನೋಡಿದೆವು. ಹೊಲದಲ್ಲೇ ಉಳಿಯಿರಿ ಎಂದು ಮೊದಲೇ ಹೇಳಿದ್ದು ಇದಕ್ಕಾಗಿಯೂ ಹೌದು. ಭಾನುವಾರ ಎಲ್ಲರೂ ಒಟ್ಟಿಗೆ ಹೊರಡುವುದರಿಂದ ಟ್ಯಾಕ್ಸಿಯನ್ನು ಶುಕ್ರವಾರವೇ ಗೊತ್ತುಮಾಡಿಕೊಳ್ಳಿ, ಹಿಂದಿರುಗುವ ವಿಮಾನವನ್ನು ಸೋಮವಾರಕ್ಕಿಂತ ಮೊದಲು ಇಟ್ಟುಕೊಳ್ಳಬೇಡಿ. ಇಬ್ಬನಿಗೆ ನೆನೆದ ಟೆಂಟ್ ಬಿಸಿಲಿಗೆ ಒಣಗಲು ಬೆಳಗ್ಗೆ ಒಂಬತ್ತು ಗಂಟೆಯಾದರೂ ಆಗಬೇಕು. ನಾವು ಹತ್ತಕ್ಕೆ ಮಡಿಸಿ ಕಟ್ಟಿ, ಹನ್ನೊಂದೂವರೆಗೆ ಬ್ಯಾನ್‌ಬರಿಯ ಪ್ಲಾಟ್‌ಫಾರ್ಮಿನಲ್ಲಿದ್ದೆವು.